ಟ್ರ್ಯಾಕ್ಟರಿನ ಬೆನ್ನಿಗೆ ಮೂರು ಬೆರಳಿನ ಅಳ್ಳಕ

ಗೋವಿನಜೋಳ ಹುಟ್ಟಿ ಮೂರು ವಾರ ಕಳೆದಿದೆ. ಮಳೆ ಎರಡು ದಿನ ಬಿಡುವು ಕೊಟ್ಟಿದೆ. ಬೈಲಹೊಂಗಲದ ಸುತ್ತಿನ ಎರೆ ಹೊಲಗಳಲ್ಲಿ ಕಸ ಬೆಳೆಗಿಂತ ಮುಂದಾಗುವ ಮೊದಲೇ ಎಡೆ ಹೊಡೆಯಬೇಕೆಂಬ ಅವಸರ. ಎತ್ತುಗಳನ್ನು ಮಾರಿದ ಮನೆಯವರು ಬಾಡಿಗೆಗೆ ಸಣ್ಣ ಟ್ರ್ಯಾಕ್ಟರ್ ಕರೆಸಿದ್ದಾರೆ. ಚಾಲಕ ಸಾಲಿನ ಮೇಲೆ ಕಣ್ಣಿಟ್ಟು ನೆಟ್ಟಗೆ ಹೋಗುತ್ತಾನೆ. ಹೊಲದ ಅಂಚು ಮುಟ್ಟಿ ತಿರುಗಿ ನೋಡಿದರೆ, ನಡುವೆ ಹತ್ತು ಹನ್ನೆರಡು ಮಾರು ಉದ್ದಕ್ಕೆ ಬೆಳೆಯ ಸಾಲೇ ಇಲ್ಲ. ಕಸದ ಜೊತೆಗೆ ಜೋಳವೂ ಬುಡ ಕತ್ತರಿಸಿಕೊಂಡು ಮಲಗಿದೆ.

“ತಮ್ಮಾ, ಸಾಲ ಪೂರಾ ಹೋತಲ್ಲೋ! ನೋಡಿ ಹೊಡಿಬಾರ್ದ?”

“ಕಾಕಾ, ನಾ ನೆಟ್ಟಗ ಹೊಂಟೇನ್ರಿ. ಹಿಂದಿನ ಕುಂಟೀನ ಓಲಾಡಾಕತ್ತೈತ್ರಿ.”

ಇಬ್ಬರ ಮಾತೂ ನಿಜ. ಸಾಲು ಹೋಗಿರುವುದು ಕಣ್ಣಿಗೆ ಕಾಣುತ್ತದೆ. ಸ್ಟೀರಿಂಗ್ ನೆಟ್ಟಗಿದ್ದುದೂ ಸುಳ್ಳಲ್ಲ. ತಪ್ಪು ಇವರಿಬ್ಬರ ನಡುವೆ, ಟ್ರ್ಯಾಕ್ಟರಿನ ಬೆನ್ನಿಗೆ ತೂಗುವ ಎರಡು ಸರಪಳಿಗಳಲ್ಲಿ ಅಡಗಿದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಓದುವ ಅನೇಕ ಮಕ್ಕಳ ಮನೆಯ ಮುಂದೆ, ಇಲ್ಲವೇ ಪಕ್ಕದ ಮನೆಯ ಮುಂದೆ, ಒಂದು ಟ್ರ್ಯಾಕ್ಟರ್ ನಿಂತಿರುತ್ತದೆ. ಆ ಮಕ್ಕಳು ಒಂಬತ್ತು, ಹತ್ತನೆಯ ತರಗತಿಯಲ್ಲಿ ಸಮರೂಪ ತ್ರಿಭುಜಗಳನ್ನೂ ಬಲದ ನಿಯಮಗಳನ್ನೂ ಕಲಿಯುತ್ತಾರೆ. ಸರಪಳಿಯ ಗುಟ್ಟನ್ನು ಬಿಡಿಸಲು ಇಷ್ಟು ವಿದ್ಯೆ ಸಾಕು.

ಮೊದಲು ಲೆಕ್ಕ. ಗೋವಿನಜೋಳದ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಅಂತರ. ಅದರ ನಡುವೆ ಹರಿಯುವ ಕುಡದ ಅಗಲ 45 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಎರಡೂ ಕಡೆ ಉಳಿಯುವುದು ಏಳೂವರೆ ಸೆಂಟಿಮೀಟರ್ ಮಾತ್ರ. ಕುಂಟಿ ಹಿಂದೆ ಅತ್ತ ಐದು, ಇತ್ತ ಐದು ಸೆಂಟಿಮೀಟರ್ ಓಲಾಡುವಷ್ಟು ಸಡಿಲಾಗಿದ್ದರೆ ಚಾಲಕನ ಪಾಲಿಗೆ ಉಳಿಯುವುದು ಎರಡೂವರೆ ಸೆಂಟಿಮೀಟರ್. ಅಷ್ಟರೊಳಗೆ ಒಂದು ಎಕರೆ ಹೊಲದುದ್ದಕ್ಕೂ ಯಂತ್ರ ನಡೆಸಲು ಯಾರಿಂದಲೂ ಸಾಧ್ಯವಿಲ್ಲ. 30 ಸೆಂಟಿಮೀಟರ್ ಅಂತರದಲ್ಲಿ ಬಿತ್ತಿದ ಸೋಯಾಬೀನಿಗೆ ಇಂದಿಗೂ ಎತ್ತಿನ ಎಡೆಕುಂಟಿಯೇ ಮೇಲು ಎಂದು ಹಿರಿಯರು ಹೇಳುವುದು ಹಳೆಯದರ ಮೇಲಿನ ಮೋಹದಿಂದಲ್ಲ.

ಮೂರು ಕೊಂಡಿಗಳ ಜೋಡಣೆ

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ನಿಂತು ನೋಡಿದರೆ ಮೂರು ಲಿಂಕ್‌ಗಳು ಕಾಣುತ್ತವೆ. ಕೆಳಗೆ ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಕಬ್ಬಿಣದ ಪಟ್ಟಿ. ನಡುವೆ, ಮೇಲ್ಗಡೆ, ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಟಾಪ್ ಲಿಂಕ್. ಕೆಳಗಿನ ಎರಡು ಲಿಂಕ್‌ಗಳು ಎಳೆಯುತ್ತವೆ, ಹೈಡ್ರಾಲಿಕ್ ಬಲದಿಂದ ಎತ್ತುತ್ತವೆ. ಟಾಪ್ ಲಿಂಕ್ ಉಪಕರಣದ ಮೂತಿ ಮೇಲೆ ಕೆಳಗೆ ಆಗದಂತೆ ಹಿಡಿಯುತ್ತದೆ. ಈ ಲಿಂಕ್‌ಗಳ ತುದಿಗಳಲ್ಲಿ ಗುಂಡಿನ ಕೀಲುಗಳಿವೆ. ನಮ್ಮ ಭುಜದ ಕೀಲಿನಂತೆ ಅವು ಎಲ್ಲ ದಿಕ್ಕಿಗೂ ಹೊರಳಬಲ್ಲವು. ಹಾಗೆ ಹೊರಳಬಲ್ಲದ್ದರಿಂದಲೇ ಉಪಕರಣ ಅಕ್ಕಪಕ್ಕಕ್ಕೂ ಓಲಾಡುತ್ತದೆ. ಮೆಕ್ಯಾನಿಕ್‌ಗಳು ಇದನ್ನು ‘ಪ್ಲೇ’ ಎನ್ನುತ್ತಾರೆ. ನಮ್ಮ ಕಡೆಯ ‘ಅಳ್ಳಕ’ ಎಂಬ ಪದ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಅಳ್ಳಕವೆಂದರೆ ದೋಷ, ಬಿಗಿ ಎಂದರೆ ಗುಣ ಎಂದು ತಿಳಿಯುವವರೇ ಹೆಚ್ಚು. ವಾಸ್ತವ ಹಾಗಿಲ್ಲ. ಕೆಲವು ಉಪಕರಣಗಳಿಗೆ ಮೂರು ಬೆರಳಿನಷ್ಟು ಅಳ್ಳಕ ಬೇಕೇ ಬೇಕು. ಕೆಲವಕ್ಕೆ ಒಂದು ಬೆರಳೂ ಕೂಡದು. ಏಕೆಂದು ತಿಳಿಯಲು ಈ ಜೋಡಣೆ ಹುಟ್ಟಿದ ಕಥೆಯನ್ನು ಸ್ವಲ್ಪ ನೋಡಬೇಕು.

ಐರ್ಲೆಂಡಿನ ಡೌನ್ ಜಿಲ್ಲೆಯ ಒಕ್ಕಲು ಮನೆತನದಲ್ಲಿ 1884ರಲ್ಲಿ ಹುಟ್ಟಿದ ಹ್ಯಾರಿ ಫರ್ಗುಸನ್ ಮೂಲತಃ ಮೋಟಾರು ರಿಪೇರಿಯವನು. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಹಾರಿದ ಸಾಹಸಿ. ಮೊದಲ ಮಹಾಯುದ್ಧದ ಕಾಲದಲ್ಲಿ ಆಹಾರಕ್ಕೆ ತತ್ವಾರವಾದಾಗ, 1917ರಲ್ಲಿ, ಟ್ರ್ಯಾಕ್ಟರ್ ಉಳುಮೆಯನ್ನು ಸುಧಾರಿಸುವ ಹೊಣೆ ಅವನಿಗೆ ಬಂತು. ಊರೂರು ಸುತ್ತಿದಾಗ ಅವನ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ: ಟ್ರ್ಯಾಕ್ಟರಿಗೆ ನೇಗಿಲನ್ನು ಗಾಡಿಯಂತೆ ಹಿಂದೆ ಕಟ್ಟಿ ಎಳೆಯುತ್ತಿದ್ದಾರೆ. ನೇಗಿಲು ಕಲ್ಲಿಗೆ ಸಿಕ್ಕಿಬಿದ್ದರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಚಾಲಕನ ಮೇಲೆಯೇ ಮಗುಚುತ್ತಿತ್ತು. ನೇಗಿಲನ್ನು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಬೇಕೆಂದು ಫರ್ಗುಸನ್ ಹಟ ಹಿಡಿದ. 1926ರಲ್ಲಿ ಹೈಡ್ರಾಲಿಕ್ ನಿಯಂತ್ರಣದ ಪೇಟೆಂಟ್ ಪಡೆದ. 1936ರಲ್ಲಿ ಮೂರು ಲಿಂಕ್‌ಗಳ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂತು. 1938ರಲ್ಲಿ ಅಮೆರಿಕದ ಹೆನ್ರಿ ಫೋರ್ಡನ ಮುಂದೆ ಅದನ್ನು ಓಡಿಸಿ ತೋರಿಸಿದಾಗ, ಇಬ್ಬರೂ ಕಾಗದ ಪತ್ರವಿಲ್ಲದೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಹೆನ್ರಿ ಫೋರ್ಡನ ಮೊಮ್ಮಗನ ಕಾಲಕ್ಕೆ ಆ ಬಾಯಿಮಾತಿನ ಒಪ್ಪಂದ ಮುರಿದು, ವ್ಯಾಜ್ಯ ಕೋರ್ಟಿಗೆ ಹೋಗಿ, 1952ರಲ್ಲಿ 92 ಲಕ್ಷ 50 ಸಾವಿರ ಡಾಲರ್ ಪಡೆದು ಫರ್ಗುಸನ್ ರಾಜಿಯಾದ. ಕೈಕುಲುಕಿ ಹೊಲ ಲಾವಣಿಗೆ ಕೊಡುವವರು ಇದನ್ನೊಮ್ಮೆ ನೆನೆಯಬಹುದು! ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಫರ್ಗುಸನ್ ಟ್ರ್ಯಾಕ್ಟರುಗಳ ಮೇಲೆ ಎಂಬುದು ಮಕ್ಕಳಿಗೆ ಇಷ್ಟವಾಗುವ ಸಂಗತಿ. 1960ರಲ್ಲಿ ಮದರಾಸಿನಲ್ಲಿ ಆರಂಭವಾದ ಟಾಫೆ ಕಂಪನಿ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳನ್ನು ನಮ್ಮ ದೇಶದಲ್ಲೇ ತಯಾರಿಸತೊಡಗಿತು. ಇಂದು ಯಾವ ಕಂಪನಿಯ, ಯಾವ ಬಣ್ಣದ ಟ್ರ್ಯಾಕ್ಟರ್ ನೋಡಿದರೂ ಹಿಂದೆ ಇರುವುದು ಅದೇ ಮೂರು ಲಿಂಕ್‌ಗಳು.

ಕಾಣದ ಕೊಂಡಿ

ಫರ್ಗುಸನ್ ಜೋಡಣೆಯ ಜಾಣತನ ಮೇಲಿನಿಂದ ನೋಡಿದರೆ ತಿಳಿಯುತ್ತದೆ. ಕೆಳಗಿನ ಎರಡು ಲಿಂಕ್‌ಗಳು ರೈಲು ಹಳಿಗಳಂತೆ ಸಮಾಂತರವಾಗಿಲ್ಲ. ಹಿಂದೆ ಅಗಲ, ಮುಂದೆ ಹೋದಂತೆ ಹತ್ತಿರ. ಉದಾಹರಣೆಗೆ, ಹಿಂದಿನ ತುದಿಗಳ ನಡುವೆ 68 ಸೆಂಟಿಮೀಟರ್, ಮುಂದಿನ ತುದಿಗಳ ನಡುವೆ 40 ಸೆಂಟಿಮೀಟರ್, ಹಿಂದಿನಿಂದ ಮುಂದಕ್ಕೆ ದೂರ 85 ಸೆಂಟಿಮೀಟರ್ ಇದೆ ಎನ್ನೋಣ. 85 ಸೆಂಟಿಮೀಟರ್ ಮುಂದೆ ಹೋಗುವಷ್ಟರಲ್ಲಿ ಅಂತರ 28 ಸೆಂಟಿಮೀಟರ್ ಕಡಿಮೆಯಾಯಿತು. ಪೂರ್ತಿ 68 ಸೆಂಟಿಮೀಟರ್ ಕಡಿಮೆಯಾಗಿ ಎರಡೂ ಗೆರೆಗಳು ಸೇರಬೇಕಾದರೆ ಎಷ್ಟು ದೂರ ಹೋಗಬೇಕು? 85ನ್ನು 68ರಿಂದ ಗುಣಿಸಿ 28ರಿಂದ ಭಾಗಿಸಿದರೆ 206 ಸೆಂಟಿಮೀಟರ್. ಅಂದರೆ, ಎರಡು ಗೆರೆಗಳನ್ನು ಮನಸ್ಸಿನಲ್ಲೇ ಮುಂದಕ್ಕೆ ಎಳೆದರೆ ಅವು ಪಿನ್ನುಗಳಿಂದ ಎರಡು ಮೀಟರ್ ಮುಂದೆ, ಚಾಲಕನ ಕಾಲುಗಳನ್ನೂ ದಾಟಿ ಎಂಜಿನ್ನಿನ ಕೆಳಗೆಲ್ಲೋ ಸೇರುತ್ತವೆ.

ಆ ಜಾಗದಲ್ಲಿ ಕೊಂಡಿಯೂ ಇಲ್ಲ, ಮೊಳೆಯೂ ಇಲ್ಲ. ಆದರೂ ನೇಗಿಲು ನಡೆದುಕೊಳ್ಳುವುದು ಆ ಬಿಂದುವಿಗೆ ಹಗ್ಗ ಕಟ್ಟಿ ಎಳೆದಂತೆ. ಹಗ್ಗ ಕಟ್ಟಿದ ಕಟ್ಟಿಗೆಯ ತುಂಡನ್ನು ನೆಲದ ಮೇಲೆ ಎಳೆಯುತ್ತ ಹೊರಟ ಮಗುವನ್ನು ಗಮನಿಸಿ. ತುಂಡು ಕಲ್ಲಿಗೆ ತಾಗಿ ಪಕ್ಕಕ್ಕೆ ಸರಿದರೂ ನಾಲ್ಕು ಹೆಜ್ಜೆಯಲ್ಲಿ ಮತ್ತೆ ಮಗುವಿನ ಬೆನ್ನ ಹಿಂದೆಯೇ ಬರುತ್ತದೆ. ಅದನ್ನು ದಾರಿಗೆ ತರುವುದು ನೆಲದ ಎಳೆತ. ಲೋಲಕವನ್ನು ನೆಟ್ಟಗೆ ನಿಲ್ಲಿಸಲು ಗುರುತ್ವಾಕರ್ಷಣೆ ಮಾಡುವ ಕೆಲಸವನ್ನೇ ಇಲ್ಲಿ ಮಣ್ಣು ಮಾಡುತ್ತದೆ. ನಮ್ಮ ಎತ್ತಿನ ಕುಂಟಿಯಲ್ಲಿ ಕೊರಳ ಮೇಲಿನ ನೊಗದಿಂದ ಕುಡದವರೆಗೆ ಉದ್ದನೆಯ ಈಸು ಇರುವುದೂ ಇದೇ ಕಾರಣಕ್ಕೆ. ಬಡಗಿ, ಕಂಬಾರರ ಕೈ ಈ ಲೆಕ್ಕವನ್ನು ಫರ್ಗುಸನ್‌ಗಿಂತ ನೂರಾರು ವರ್ಷ ಮೊದಲೇ ಬಲ್ಲದಾಗಿತ್ತು. ಅಷ್ಟಾಗಿಯೂ ಕುಂಟಿ ದಾರಿ ತಪ್ಪಿದರೆ ಮೇಳಿ ಹಿಡಿದ ಒಕ್ಕಲಿಗನ ಕೈ ಅದನ್ನು ತಿದ್ದುತ್ತಿತ್ತು. ಟ್ರ್ಯಾಕ್ಟರಿನ ಹಿಂದೆ ಆ ಕೈ ಇಲ್ಲ.

ಈಗ ಅಳ್ಳಕ ಏಕೆ ಬೇಕೆಂಬುದು ಸ್ಪಷ್ಟವಾಗುತ್ತದೆ. ಲಿಂಕ್‌ಗಳನ್ನು ಅಲುಗದಂತೆ ಬಿಗಿದುಬಿಟ್ಟರೆ ಆ ಕಾಣದ ಕೊಂಡಿಯ ಆಟ ನಿಂತುಹೋಗುತ್ತದೆ. ನೇಗಿಲು ಟ್ರ್ಯಾಕ್ಟರಿನ ಬಾಲವಾಗಿಬಿಡುತ್ತದೆ. ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದಿರುವ ಬಾಲ, ಟ್ರ್ಯಾಕ್ಟರ್ ಬರೀ 5 ಡಿಗ್ರಿ ಎಡಕ್ಕೆ ಹೊರಳಿದರೆ, 9 ಸೆಂಟಿಮೀಟರ್ ಬಲಕ್ಕೆ ಸರಿಯುತ್ತದೆ. ನೆಲದೊಳಗೆ ಅರ್ಧ ಮೊಳ ಇಳಿದ ನೇಗಿಲು ಹಾಗೆ ಸುಲಭವಾಗಿ ಸರಿಯಲು ಒಪ್ಪುವುದಿಲ್ಲ. ಅದು ಟ್ರ್ಯಾಕ್ಟರಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಲಿಂಕ್ ಬಾಗುತ್ತದೆ, ಸರಪಳಿಯ ಕೊಂಡಿ ಬಿಚ್ಚುತ್ತದೆ.

ಹಾಗಾದರೆ ಎಡೆಕುಂಟಿಗೆ ಬಿಗಿ ಏಕೆ? ಸಡಿಲು ಬಿಟ್ಟರೆ ಮಣ್ಣಿನ ಹೆಂಟೆಯೊಂದು ಕುಂಟಿಯನ್ನು ಸಾಲಿನ ಮೇಲೆ ನೂಕಬಲ್ಲದು. ಅಲ್ಲಿ ನಾಲ್ಕು ಹೆಜ್ಜೆಯ ನಂತರ ದಾರಿಗೆ ಬಂದರೆ ಸಾಲದು. ಅಷ್ಟರಲ್ಲಿ ನಾಲ್ಕು ಹೆಜ್ಜೆಯ ಬೆಳೆ ಹೋಗಿರುತ್ತದೆ. ಆದರೆ ಬಿಗಿದಾಗ ಚಾಲಕನ ಕೈಯ ತಪ್ಪು ಬಾಲಕ್ಕೆ ನೇರವಾಗಿ ತಲಪುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಬಿಗಿದ ಕುಂಟಿಯನ್ನು ನಿಧಾನವಾಗಿ, ಸ್ಟೀರಿಂಗನ್ನು ಥಟ್ಟನೆ ತಿರುಗಿಸದೆ ಓಡಿಸಬೇಕು. ಎಕರೆಗಿಷ್ಟು ಎಂದು ಬಾಡಿಗೆ ಗೊತ್ತು ಮಾಡಿದಾಗ ಚಾಲಕ ಅವಸರಪಡುವುದು ಸಹಜ. ಎಡೆ ಹೊಡೆಯುವ ಕೆಲಸಕ್ಕಾದರೂ ತಾಸಿನ ಲೆಕ್ಕದಲ್ಲಿ ಬಾಡಿಗೆ ಕೊಡುವುದೇ ಜಾಣತನ.

ಎಳೆಯಬಲ್ಲದು, ನೂಕಲಾರದು

ಅಳ್ಳಕವನ್ನು ಹದಗೊಳಿಸಲು ಇರುವ ಸಾಧನಗಳು ಮುಖ್ಯವಾಗಿ ಎರಡು ಬಗೆ. ಹಳೆಯ ಹಾಗೂ ಅನೇಕ ಸಾದಾ ಟ್ರ್ಯಾಕ್ಟರುಗಳಲ್ಲಿ ಲಿಂಕಿಗೊಂದರಂತೆ ಎರಡು ಸರಪಳಿಗಳು, ನಡುವೆ ತಿರುಗಿಸಿ ಬಿಗಿಮಾಡುವ ಟರ್ನ್‌ಬಕಲ್. ಇನ್ನು ಕೆಲವದರಲ್ಲಿ ಒಂದು ಕೊಳವೆಯೊಳಗೆ ಇನ್ನೊಂದು ಸರಿಯುವ ಸ್ಟೆಬಿಲೈಸರ್. ಅದರಲ್ಲಿ ದುಂಡು ತೂತಿಗೆ ಪಿನ್ ಹಾಕಿದರೆ ಬಿಗಿ, ಉದ್ದನೆಯ ಸೀಳಿಗೆ ಹಾಕಿದರೆ ಸೀಳಿನ ಉದ್ದದಷ್ಟು ಅಳ್ಳಕ. ಎರಡನೆಯದು ಸುಲಭ, ಪಿನ್ ಬದಲಾಯಿಸಿದರಾಯಿತು. ಮಂದಿ ಎಡವುವುದು ಸರಪಳಿಯ ವಿಷಯದಲ್ಲಿ.

ಸರಪಳಿ ಎಳೆಯಬಲ್ಲದು, ನೂಕಲಾರದು. ಆದ್ದರಿಂದಲೇ ಎರಡು ಸರಪಳಿ ಬೇಕು. ಕುಂಟಿ ಎಡಕ್ಕೆ ಸರಿದು ನಿಂತಿದೆ, ಬಲಕ್ಕೆ ತರಬೇಕು ಎಂದಾದರೆ ಯಾವ ಸರಪಳಿ ಬಿಗಿಯಬೇಕು? ‘ಬಲಗಡೆಯದು’ ಎಂದು ಥಟ್ಟನೆ ಉತ್ತರಿಸುವವರು ಒಮ್ಮೆ ಬಗ್ಗಿ ನೋಡಬೇಕು. ಸರಪಳಿಗಳು ಲಿಂಕ್‌ಗಳ ಹೊರಗಡೆ, ಅಂದರೆ ಗಾಲಿಯ ಕಡೆಗಿದ್ದರೆ ಉತ್ತರ ಸರಿ: ಎಡದ್ದನ್ನು ಬಿಟ್ಟು ಬಲದ್ದನ್ನು ಬಿಗಿಯಬೇಕು. ಅವು ಒಳಗಡೆ, ಎರಡು ಲಿಂಕ್‌ಗಳ ನಡುವೆ ಇದ್ದರೆ ಎಲ್ಲವೂ ತಿರುಗುಮುರುಗು. ಆಗ ಬಲದ್ದನ್ನು ಬಿಟ್ಟು ಎಡದ್ದನ್ನು ಬಿಗಿಯಬೇಕು. ಏಕೆಂದರೆ ಒಳಗಿನ ಎಡ ಸರಪಳಿ ಎಡ ಲಿಂಕನ್ನು ನಡುವಿನತ್ತ, ಅಂದರೆ ಬಲಕ್ಕೆ ಎಳೆಯುತ್ತದೆ. ಕಾಗದದ ಮೇಲೆ ನಾಲ್ಕು ಬಾಣ ಬರೆದು ನೋಡಿದ ವಿದ್ಯಾರ್ಥಿ ಇದನ್ನು ಮರೆಯಲಾರ. ಹಾಗೆ ಬರೆದು ನೋಡದೆ ಎರಡನ್ನೂ ಒಟ್ಟಿಗೇ ಬಿಗಿಯುತ್ತ ಹೋದರೆ ಪಾನ ಜಾರುತ್ತದೆಯೇ ಹೊರತು ಕುಂಟಿ ಅಲುಗುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಸರಪಳಿಯ ಮುಂದಿನ ತುದಿಯನ್ನು ಲಿಂಕಿನ ಕೀಲಿಗಿಂತ ತುಸು ಕೆಳಗೆ ಕಟ್ಟಿರುತ್ತಾರೆ. ಒಂದೇ ಕೇಂದ್ರದಿಂದ ಕೈವಾರದಲ್ಲಿ ಎರಡು ಸಲ ಎಳೆದ ಕಂಸಗಳು ಒಂದರ ಮೇಲೊಂದು ಕೂಡುತ್ತವೆ. ಕೇಂದ್ರ ಬೇರೆಯಾದರೆ ಕಂಸಗಳು ಅಗಲುತ್ತವೆ. ಲಿಂಕ್ ಮೇಲೇಳುವಾಗ ಆಗುವುದು ಇದೇ. ಸರಪಳಿಯ ಹಿಂದಿನ ತುದಿ ಲಿಂಕಿನ ಕೀಲಿನಿಂದ 50 ಸೆಂಟಿಮೀಟರ್ ದೂರದಲ್ಲಿದ್ದು, ಮುಂದಿನ ತುದಿ ಕೀಲಿಗಿಂತ 5 ಸೆಂಟಿಮೀಟರ್ ಕೆಳಗಿದ್ದರೆ, ಲಿಂಕ್ 20 ಡಿಗ್ರಿ ಕೆಳಗಿನಿಂದ 30 ಡಿಗ್ರಿ ಮೇಲಕ್ಕೆ ಏರುವಷ್ಟರಲ್ಲಿ ಸರಪಳಿಗೆ ಸುಮಾರು 4 ಸೆಂಟಿಮೀಟರ್ ಹೆಚ್ಚು ಉದ್ದ ಬೇಕಾಗುತ್ತದೆ. ಪಿ.ಯು. ವಿಜ್ಞಾನದ ವಿದ್ಯಾರ್ಥಿಗಳು ತ್ರಿಕೋನಮಿತಿಯಿಂದ ಇದನ್ನು ಪರೀಕ್ಷಿಸಿಕೊಳ್ಳಬಹುದು. ಕೆಳಗಿಳಿದಾಗ ಅಳ್ಳಕವಾಗಿದ್ದ ಸರಪಳಿ ಮೇಲೆತ್ತಿದಾಗ ತಾನೇ ಬಿಗಿಯಾಗಲೆಂದು ಇಂಥ ಏರ್ಪಾಟು.

ಇದರ ಪ್ರಯೋಜನ ಬಹಳ ದೊಡ್ಡದು. ನೆಲದಲ್ಲಿರುವಾಗ ನೇಗಿಲನ್ನು ದಾರಿಗೆ ತರಲು ಮಣ್ಣಿನ ಎಳೆತವಿರುತ್ತದೆ. ಮೇಲೆತ್ತಿದ ಕ್ಷಣ ಆ ಎಳೆತ ಇಲ್ಲವಾಗುತ್ತದೆ. ಕ್ವಿಂಟಲ್‌ಗಟ್ಟಲೆ ತೂಕದ ಪಲ್ಟಿ ನೇಗಿಲು ಹೊಲದ ತಿರುವಿನಲ್ಲಿ, ಬಂಡಿ ದಾರಿಯ ತಗ್ಗುದಿನ್ನೆಗಳಲ್ಲಿ ಹಿಡಿತವಿಲ್ಲದೆ ಓಲಾಡುತ್ತದೆ. ಲಿಂಕ್ ಟಯರಿಗೆ ಉಜ್ಜುತ್ತದೆ. ಹಿಂದಿನ ದೊಡ್ಡ ಟಯರಿನ ಬದಿ ಹರಿದರೆ ಒಂದು ಹಂಗಾಮಿನ ಗಳಿಕೆಗೇ ಪೆಟ್ಟು. ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹೋಗುವ ಶಾಲೆಯ ಹುಡುಗನಿಗೆ ತಾಗಿದರೆ ಆಗುವುದು ಟಯರಿನ ನಷ್ಟವಲ್ಲ.

ಆದರೆ ಇದೇ ಏರ್ಪಾಟು ತಿಳಿಯದವರಿಗೆ ಬಲೆಯೂ ಹೌದು. ಉಪಕರಣ ನೆಲಕ್ಕಿಳಿದಿರುವಾಗಲೇ ಸರಪಳಿಯನ್ನು ತಂತಿಯಂತೆ ಬಿಗಿದು, ಆಮೇಲೆ ಹೈಡ್ರಾಲಿಕ್ ಎತ್ತಿದರೆ ಆ 4 ಸೆಂಟಿಮೀಟರ್ ಎಲ್ಲಿಂದ ಬರಬೇಕು? ಹೈಡ್ರಾಲಿಕ್ಕಿಗೆ ಸಾವಿರ ಕಿಲೋಗ್ರಾಂ ಮೀರಿ ಎತ್ತುವ ಕಸುವಿದೆ. ಸರಪಳಿಯೋ, ಅದನ್ನು ಹಿಡಿದ ಬ್ರಾಕೆಟ್ಟೋ ಮುರಿಯಲೇಬೇಕು. ‘ಕಂಪನಿಯ ಮಾಲು ಸರಿ ಇಲ್ಲ’ ಎಂಬ ದೂರುಗಳಲ್ಲಿ ಕೆಲವಾದರೂ ಇಂಥವು.

ಹದ ಮಾಡುವ ಬಗೆ

ಕೆಲಸಕ್ಕೆ ಸಮತಟ್ಟಾದ ಗಟ್ಟಿ ನೆಲ ಬೇಕು. ಎರಡೂ ಹಿಂಗಾಲಿಗಳ ಗಾಳಿ ಸಮನಾಗಿರಬೇಕು. ಒಂದು ಟಯರ್ ಕುಗ್ಗಿದ್ದರೆ ಮುಂದಿನ ಅಳತೆಯೆಲ್ಲ ಸುಳ್ಳಾಗುತ್ತದೆ. ಉಪಕರಣ ಜೋಡಿಸುವಾಗ ಮೊದಲು ಎಡಗಡೆಯ ಕೆಳಲಿಂಕ್, ನಂತರ ಬಲಗಡೆಯದು, ಕೊನೆಗೆ ಟಾಪ್ ಲಿಂಕ್. ಬಿಚ್ಚುವಾಗ ಇದರ ಹಿಮ್ಮೊಗ. ಬಲಗಡೆಯ ಎತ್ತುವ ಸರಳಿಗೆ ತಿರುಗಿಸುವ ಹಿಡಿಕೆ ಇರುವುದರಿಂದ ಆ ಲಿಂಕನ್ನು ಮೇಲೆ ಕೆಳಗೆ ಮಾಡಿ ಪಿನ್ನಿಗೆ ಕೂಡಿಸುವುದು ಸುಲಭವೆಂದು ಈ ಕ್ರಮ.

ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡು, ಹ್ಯಾಂಡ್ ಬ್ರೇಕ್ ಎಳೆದ ಮೇಲೆಯೇ ಹಿಂದೆ ಬರಬೇಕು. ಮೊದಲ ಕೆಲಸ ನಡುಮಧ್ಯಕ್ಕೆ ತರುವುದು. ಟಯರಿನ ಒಳಬದಿಯಿಂದ ಕೆಳಲಿಂಕಿನ ತುದಿಯವರೆಗೆ ಎರಡೂ ಕಡೆ ಟೇಪು ಹಿಡಿದು ಅಳೆಯಬೇಕು. ಎಡಕ್ಕೆ 14, ಬಲಕ್ಕೆ 20 ಬಂದರೆ ಕುಂಟಿ 3 ಸೆಂಟಿಮೀಟರ್ ಎಡಕ್ಕಿದೆ ಎಂದರ್ಥ. ಆರು ಸೆಂಟಿಮೀಟರ್ ಅಲ್ಲ. ಈ ಚಿಕ್ಕ ಲೆಕ್ಕದಲ್ಲಿ ಅಪ್ಪಂದಿರು ತಪ್ಪಿ ಮಕ್ಕಳು ಗೆಲ್ಲುವುದುಂಟು.

ಟರ್ನ್‌ಬಕಲ್ ತಿರುಗಿಸುವಾಗ ಅರ್ಧರ್ಧ ಸುತ್ತಿನಂತೆ ಹೋಗಬೇಕು. ಅದರ ಎರಡು ತುದಿಗೆ ಎದುರುಬದುರಾದ ಎಳೆಗಳಿರುತ್ತವೆ. ಎಳೆಯಿಂದ ಎಳೆಗೆ 3 ಮಿಲಿಮೀಟರ್ ಇದ್ದರೆ ಒಂದು ಸುತ್ತಿಗೆ ಸರಪಳಿ 6 ಮಿಲಿಮೀಟರ್ ಗಿಡ್ಡವಾಗುತ್ತದೆ. ಆದರೆ ಲಿಂಕ್ ಪಕ್ಕಕ್ಕೆ ಸರಿಯುವುದು ಅಷ್ಟೇ ಅಲ್ಲ. ಸರಪಳಿ ಟ್ರ್ಯಾಕ್ಟರಿನ ಉದ್ದಕ್ಕೆ 20 ಡಿಗ್ರಿ ಓರೆಯಾಗಿದ್ದರೆ ಅದು ಕಟ್ಟಿದ ಜಾಗದಲ್ಲೇ ಲಿಂಕ್ 17 ಮಿಲಿಮೀಟರಿನಷ್ಟು ಸರಿಯುತ್ತದೆ. ಇನ್ನೂ ಹಿಂದಿರುವ ಪಿನ್ನಿನ ಬಳಿ ಅದಕ್ಕಿಂತ ಹೆಚ್ಚು. ‘ಒಂದೆರಡು ಸುತ್ತು ಜಗ್ಗಿದರೆ ಏನಾದೀತು’ ಎಂಬ ಉದಾಸೀನ ಇಲ್ಲಿ ನಡೆಯುವುದಿಲ್ಲ.

ನಡುವಿಗೆ ತಂದ ಮೇಲೆ ಅಳ್ಳಕದ ಅಳತೆ. ಉಪಕರಣವನ್ನು ನಾಲ್ಕು ಬೆರಳು ಮೇಲೆತ್ತಿ, ಎಂಜಿನ್ ನಿಲ್ಲಿಸಿ, ಪಕ್ಕದಲ್ಲಿ ನಿಂತು ಕೈಯಿಂದ ನೂಕಿ ನೋಡಬೇಕು. ಕಾಲನ್ನಾಗಲಿ ಕೈಯನ್ನಾಗಲಿ ಅದರ ಕೆಳಗೆ ಇಡಬಾರದು. ಹೈಡ್ರಾಲಿಕ್ ಎಣ್ಣೆ ಸೋರಿ ಅದು ತಾನಾಗಿಯೇ ಇಳಿಯಬಹುದು. ನೇಗಿಲು, ಟಿಲ್ಲರುಗಳಿಗೆ ನಡುವಿನಿಂದ ಅತ್ತ ಸುಮಾರು 5 ಸೆಂಟಿಮೀಟರ್, ಇತ್ತ ಅಷ್ಟೇ ಇರಲಿ. ಟ್ರ್ಯಾಕ್ಟರಿನ ಜೊತೆ ಬಂದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಬೇಕು. ಆ ಕೈಪಿಡಿ ಎಷ್ಟೋ ಮನೆಗಳಲ್ಲಿ ದೇವರ ಕೋಣೆಯ ಮಾಡದಲ್ಲಿ ಆರ್.ಸಿ. ಪುಸ್ತಕದ ಜೊತೆ ಭದ್ರವಾಗಿರುತ್ತದೆ. ಆಯುಧಪೂಜೆಗೊಮ್ಮೆ ಕುಂಕುಮ ಕಾಣುತ್ತದೆ. ಮನೆಯ ಓದುವ ಮಕ್ಕಳು ಅದನ್ನು ಹೊರತೆಗೆದು ಓದಿ ಹೇಳಬಹುದು.

ಕೊನೆಯದಾಗಿ, ಲೀವರನ್ನು ನಿಧಾನವಾಗಿ ಎಳೆದು, ಗೇಣು ಗೇಣಿಗೂ ನಿಲ್ಲಿಸಿ ಸರಪಳಿಗಳನ್ನು ನೋಡುತ್ತ ಪೂರ್ತಿ ಮೇಲಕ್ಕೆತ್ತಬೇಕು. ಮೇಲೆ ಹೋದಾಗ ಅವು ಬಿಗಿಯಾಗಬೇಕು, ಆದರೆ ಕಿರುಗುಟ್ಟಬಾರದು. ಆ ಪರೀಕ್ಷೆ ಮುಗಿದ ಮೇಲೆ ಉಪಕರಣವನ್ನು ಮತ್ತೆ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ ಲಾಕ್‌ನಟ್ ಬಿಗಿಯುವುದು.

ಇಷ್ಟಾದರೂ ಕುಂಟಿ ಕಟಕಟ ಅಂದರೆ ಸರಪಳಿಯನ್ನು ದೂರಬಾರದು. ಗುಂಡಿನ ಕೀಲು ಸವೆದಿರಬಹುದು. ಇಲ್ಲವೇ ಪಿನ್ ಬೇರೆ ಅಳತೆಯದ್ದಿರಬಹುದು. ಐ.ಎಸ್.ಓ. 730 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಒಂದನೆಯ ದರ್ಜೆಯ ಕೆಳಪಿನ್ನಿನ ದಪ್ಪ 22 ಮಿಲಿಮೀಟರ್, ಎರಡನೆಯ ದರ್ಜೆಯದು 28 ಮಿಲಿಮೀಟರ್. ಸಣ್ಣ ಟ್ರ್ಯಾಕ್ಟರಿನ ಕುಂಟಿಯನ್ನು ದೊಡ್ಡ ಟ್ರ್ಯಾಕ್ಟರಿಗೆ ಹಾಗೆಯೇ ಹಾಕಿದರೆ ತೂತಿನಲ್ಲೇ 6 ಮಿಲಿಮೀಟರ್ ಆಟ. ಅದಕ್ಕೆ ನಡುವೆ ಹಾಕುವ ಬುಷ್ ಅಂಗಡಿಯಲ್ಲಿ ಸಿಗುತ್ತದೆ. ಚಿಂದಿ ಸುತ್ತಿ ಪಿನ್ ತೂರಿಸುವುದು ಪರಿಹಾರವಲ್ಲ.

ಮಣ್ಣು ನೋಡಿ, ಕೆಲಸ ನೋಡಿ

ಒಂದು ಸಲ ಹದ ಮಾಡಿ ವರ್ಷವಿಡೀ ಬಿಡುವಂತಿಲ್ಲ. ಕಿತ್ತೂರಿನ ಪಶ್ಚಿಮಕ್ಕೆ ಮಣ್ಣು ಕೆಂಪಾಗುತ್ತದೆ, ಮಳೆ ಹೆಚ್ಚು, ನೆಲದಲ್ಲಿ ಕಲ್ಲು. ಅಲ್ಲಿ ಉಳುವಾಗ ಅಳ್ಳಕವಿದ್ದರೆ ನೇಗಿಲು ಕಲ್ಲಿನ ಪಕ್ಕಕ್ಕೆ ಸರಿದು ಹೋಗುತ್ತದೆ. ಇಲ್ಲದಿದ್ದರೆ ಪೆಟ್ಟು ನೇರ ಲಿಂಕಿಗೆ. ಪೂರ್ವಕ್ಕೆ ಬಂದಂತೆ, ಮಲಪ್ರಭೆ ನವಿಲುತೀರ್ಥದ ಬಳಿ ಗುಡ್ಡ ಸೀಳಿ ಇಳಿಯುವ ಸವದತ್ತಿಯ ಕಡೆ, ಎರೆಯ ಜೊತೆಗೆ ಇಳಿಜಾರು ಹೊಲಗಳೂ ಇವೆ. ಇಳಿಜಾರಿಗೆ ಅಡ್ಡಲಾಗಿ ಹೊರಟಾಗ ಉಪಕರಣ ತಗ್ಗಿನ ಕಡೆಗೇ ಜಗ್ಗುತ್ತದೆ, ಅಳ್ಳಕವನ್ನೆಲ್ಲ ಒಂದೇ ಬದಿಗೆ ತಿನ್ನುತ್ತದೆ. ಅಲ್ಲಿ ಸಡಿಲನ್ನು ಕಡಿಮೆ ಮಾಡುವುದು ಲೇಸು. ರಾಮದುರ್ಗದ ಒಣ ಎರೆಯಲ್ಲಿ ಬೇಸಿಗೆಯ ಬಿರುಕುಗಳು ಅಂಗೈ ಅಗಲ ಬಾಯಿ ಬಿಟ್ಟಿರುತ್ತವೆ, ಹೆಂಟೆಗಳು ಕಲ್ಲಿನಷ್ಟೇ ಗಟ್ಟಿ. ಅದೇ ಹೊಲಕ್ಕೆ ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ ಬಿತ್ತಲು ಟ್ರ್ಯಾಕ್ಟರ್ ಕೂರಿಗೆ ತಂದಾಗ ಅಳ್ಳಕ ಪೂರ್ತಿ ತೆಗೆಯಬೇಕು. ಬಿತ್ತುವಾಗಲೇ ಸಾಲು ಹಾವಿನಂತಾದರೆ ಮುಂದೆ ಎಷ್ಟೇ ಬಿಗಿದ ಕುಂಟಿಯೂ ಆ ಡೊಂಕನ್ನು ಅನುಸರಿಸಲಾರದು. ಮೊದಲು ಹೇಳಿದ ಕಾಕಾನ ಗೋವಿನಜೋಳದ ಸಾಲು ಹೋದದ್ದರಲ್ಲಿ ಬಿತ್ತಿದ ದಿನದ ಪಾಲೂ ಇರಬಹುದು.

ರೋಟಾವೇಟರಿನದು ಬೇರೆಯೇ ಮಾತು. ಅದಕ್ಕೆ ಎಂಜಿನ್ನಿನ ಶಕ್ತಿ ತಲಪುವುದು ಪಿ.ಟಿ.ಓ. ಶಾಫ್ಟಿನ ಮೂಲಕ. ಉಪಕರಣ ಪಕ್ಕಕ್ಕೆ ಓಲಾಡಿದರೆ ಶಾಫ್ಟಿನ ಕೀಲುಗಳು ಓರೆಯಾಗಿ ಅದುರುತ್ತವೆ, ಬೇಗ ಸವೆಯುತ್ತವೆ. ಆದ್ದರಿಂದ ಅದಕ್ಕೆ ಅಳ್ಳಕ ಕೂಡದು. ಈ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. 5 ಸೆಂಟಿಮೀಟರ್ ದಪ್ಪದ ಶಾಫ್ಟಿಗೆ ಓಢಣಿಯ ತುದಿಯೊಂದು ಸಿಕ್ಕರೆ ಒಂದೇ ಸೆಕೆಂಡಿನಲ್ಲಿ 1.4 ಮೀಟರ್ ಬಟ್ಟೆ ಒಳಕ್ಕೆ ಸುತ್ತಿಹೋಗುತ್ತದೆ. ‘ಅಯ್ಯೋ’ ಎನ್ನಲೂ ಸಮಯವಿರುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ‘ಅಡ್ಡ ಬರುತ್ತದೆ’ ಎಂದು ಕಿತ್ತೆಸೆದವರ ಮನೆಯಲ್ಲಿ ಮಕ್ಕಳೂ ಇರುತ್ತಾರೆ. ಟಿಲ್ಲರಿನ ಮೇಲೆ ಭಾರಕ್ಕೆಂದು ಹುಡುಗರನ್ನು ಕೂಡಿಸುವ ರೂಢಿಯಂತೂ ಇಂದೇ ನಿಲ್ಲಬೇಕು. ಭಾರ ಬೇಕಿದ್ದರೆ ಮಣ್ಣು ತುಂಬಿದ ಚೀಲ ಕಟ್ಟಲಿ.

ಕಬ್ಬಿನ ಹಂಗಾಮಿನಲ್ಲಿ ಟ್ರೇಲರ್ ಎಳೆಯುವಾಗ ಈ ಲಿಂಕ್‌ಗಳಿಗೆ ಕೆಲಸವಿಲ್ಲ. ಅವನ್ನು ಪ್ಲಾಸ್ಟಿಕ್ ಹಗ್ಗದಿಂದ ಮೇಲಕ್ಕೆ ಕಟ್ಟಿ ರಸ್ತೆಗಿಳಿಯುವ ಚಾಲಕರು, ಹಗ್ಗ ಹರಿದರೆ ಲಿಂಕ್ ಟಯರಿಗೆ ಬಡಿಯುತ್ತದೆಂಬುದನ್ನು ಮರೆತಿರುತ್ತಾರೆ. ಕಳಚಿಡುವುದು ಉತ್ತಮ. ಟ್ರೇಲರನ್ನು ಟಾಪ್ ಲಿಂಕಿನ ಜಾಗಕ್ಕೆ ಕಟ್ಟುವುದಂತೂ ಸಾವಿಗೆ ಆಹ್ವಾನ. ಅಚ್ಚಿಗಿಂತ ಮೇಲಿನಿಂದ ಜಗ್ಗಿದ ಭಾರ ಟ್ರ್ಯಾಕ್ಟರಿನ ಮೂತಿಯನ್ನು ಎತ್ತಿ ಹಿಂದಕ್ಕೆ ಮಗುಚುತ್ತದೆ. ಫರ್ಗುಸನ್ ಕಂಡು ಬೆಚ್ಚಿದ್ದು ಇಂಥದ್ದನ್ನೇ.

ಒಂದೇ ಟ್ರ್ಯಾಕ್ಟರಿಗೆ ಬೆಳಿಗ್ಗೆ ಟಿಲ್ಲರ್, ಮಧ್ಯಾಹ್ನ ಕೂರಿಗೆ, ಸಂಜೆ ರೋಟಾವೇಟರ್ ಜೋಡಿಸುವ ದಿನಗಳಿವು. ಪ್ರತಿ ಸಲ ಮೊದಲಿನಿಂದ ಅಳೆಯಬೇಕಾಗಿಲ್ಲ. ಹದ ಸರಿಯಾದ ದಿನ ಟರ್ನ್‌ಬಕಲ್ಲಿನ ಹೊರಗೆ ಎಷ್ಟು ಎಳೆ ಕಾಣುತ್ತಿವೆ ಎಂದು ಎಣಿಸಿ, ಮಡ್‌ಗಾರ್ಡಿನ ಒಳಬದಿಗೆ ಬಿಳಿ ಬಣ್ಣದಲ್ಲಿ ಬರೆದಿಡಬಹುದು: ಟಿಲ್ಲರಿಗೆ ಎಡ ಇಷ್ಟು, ಬಲ ಇಷ್ಟು, ಕೂರಿಗೆಗೆ ಇಷ್ಟು. ಮನೆಯಲ್ಲಿ ದುಂಡಗಿನ ಅಕ್ಷರದ ಹುಡುಗಿಯೋ ಹುಡುಗನೋ ಇದ್ದರೆ ಆ ಕೆಲಸ ಅವರಿಗೇ ಬಿಡಬೇಕು. ಎಣಿಸುವಾಗ ಕೀಲಿಕೈ ಮಾತ್ರ ಅಪ್ಪನ ಕಿಸೆಯಲ್ಲಿರಲಿ.